ಇಸ್ತ್ರಿ ಕೋಣೆಯಿಂದ ಬಂದ ಸದ್ದು

ನನ್ನ ತಂಗಿ ತೀರಿಕೊಂಡಳೆಂಬ ಸುದ್ದಿಯೂ ಅವಳು ಅಪರಾಧಿಯೆಂಬ ಸುದ್ದಿಯೂ ಒಂದೇ ಉಸಿರಿನಲ್ಲಿ ನನ್ನನ್ನು ತಲುಪಿದವು. ಅಂದು ಸಂಜೆ ರೇಡಿಯೋದಲ್ಲಿ ಓದಿದ್ದು ಇಷ್ಟೇ: "ಲಾಂಡ್ರಿ ಕಾರ್ಖಾನೆಯಲ್ಲಿ ಒತ್ತೆಯಲ್ಲಿದ್ದವರನ್ನು ಪೊಲೀಸರು ಬಿಡಿಸಿದ್ದಾರೆ. ಬಂದೂಕು ಹಿಡಿದು ಒಳಹೊಕ್ಕಿದ್ದವನು ಸೆರೆ ಸಿಕ್ಕಿದ್ದಾನೆ. ಒಳಗಿನಿಂದ ಗುಂಡು ಹಾರಿದ ಮೇಲೆ ಪೊಲೀಸರು ಹಾರಿಸಿದ ಗುಂಡಿಗೆ, ಅವನ ಜೊತೆಗೂಡಿ ಬಂದೂಕು ಹಿಡಿದಿದ್ದ ಒಬ್ಬ ಹೆಂಗಸು ಬಲಿಯಾಗಿದ್ದಾಳೆ."

ಹೆಂಗಸು ಯಾರೆಂದು ಹೇಳಲಿಲ್ಲ. ಕೆಳಮನೆಯ ದರ್ಜಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಬೆಳಗಿನಿಂದ ಲಾಂಡ್ರಿಯ ಗೇಟಿನ ಮುಂದೆ ಜನರ ನಡುವೆ ನಿಂತಿದ್ದವನು; ನನಗೆ ಮಾತ್ರ ಅಲ್ಲಿಯವರೆಗೆ ಯಾರೂ ಏನೂ ತಿಳಿಸಿರಲಿಲ್ಲ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. "ಮೇಷ್ಟ್ರೇ... ಅಕ್ಕ..." ಎಂದ. ತಂಗಿ ಬಂದ ಕೂಡಲೇ ಕೈಕಾಲು ತೊಳೆಯಲೆಂದು ನಾನು ಒಲೆಯ ಮೇಲಿಟ್ಟಿದ್ದ ನೀರು ಕುದಿಯುತ್ತಲೇ ಇತ್ತು. ಅದನ್ನು ಇಳಿಸಬೇಕೆಂದು ನನಗೆ ತೋಚಲಿಲ್ಲ.

ಇಳಿಸಿದವರು ಎದುರುಮನೆಯ ಮೇಟ್ರನಮ್ಮ. ದೊಡ್ಡಾಸ್ಪತ್ರೆಯಲ್ಲಿ ದಾದಿಯರ ಮುಖ್ಯಸ್ಥೆಯಾಗಿದ್ದು ನಿವೃತ್ತರಾದವರು. ಊರಿನಲ್ಲಿ ಯಾರಿಗೂ ಬಗೆಹರಿಯದ ಎರಡು ಮೂರು ಸಾವುಗಳ ಗುಟ್ಟನ್ನು ಬಿಡಿಸಿದ್ದರಿಂದ ಪೊಲೀಸರೂ ಅವರ ಮನೆಯ ಬಾಗಿಲು ತಟ್ಟುವುದಿತ್ತು. ಅಂಥ ಸಮಯದಲ್ಲೆಲ್ಲ ಅವರ ಕೈಚೀಲ ಹಿಡಿದು ಹಿಂದೆ ನಡೆಯುವುದು ನನ್ನ ಪಾಲಿನ ಕೆಲಸ. ಅಂದು ಅವರು ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ನನ್ನ ಪಕ್ಕದಲ್ಲಿ ಕುಳಿತು, "ಅಳೋದಿದ್ರೆ ಇವತ್ತೇ ಅತ್ತುಬಿಡಿ ಮೇಷ್ಟ್ರೇ. ನಾಳೆಯಿಂದ ನಿಮ್ಮ ತಲೆ ನನಗೆ ಬೇಕು" ಎಂದರು.

ತಂದೆತಾಯಿ ಹೋದ ಮೇಲೆ ಅವಳನ್ನು ಸಾಕಿದವನು ನಾನು. ನನ್ನ ಮುಪ್ಪಿನಲ್ಲಿ ನನ್ನನ್ನು ಸಾಕಿದವಳು ಅವಳು. ಲಾಂಡ್ರಿಯ ಇಸ್ತ್ರಿ ಕೋಣೆಗೆ ಅವಳೇ ಮುಖ್ಯಳು. ಆಸ್ಪತ್ರೆಗಳ ಹಾಸುಬಟ್ಟೆಗಳೆಲ್ಲ ಅವಳ ಕೈಯಿಂದಲೇ ಮಡಿಕೆಯಾಗಿ ಹೊರಬೀಳುತ್ತಿದ್ದವು. ಸಂಜೆ ಮನೆಗೆ ಬಂದರೆ ಬಟ್ಟೆಗೆ ಗಂಜಿಯ ವಾಸನೆ, ಬಾಯಿಗೆ ಕೆಲಸದ ಸುದ್ದಿ. ಅಲ್ಲಿ ಹಾಸುಬಟ್ಟೆ ಇಸ್ತ್ರಿ ಮಾಡುವ ದೊಡ್ಡ ರೋಲರಿಗೆ ಬಾಯ್ಲರಿನಿಂದ ಹಬೆ ತರುವ ಕೊಳವೆಯ ಬಗ್ಗೆ ಒಮ್ಮೆ ಹೇಳಿದ್ದು ನೆನಪಿದೆ: "ತಣ್ಣಗಿರೋ ಕೊಳವೆ ಅತ್ತೆ ಇದ್ದ ಹಾಗೆ ಅಣ್ಣಾ. ಮೆಲ್ಲಗೆ ಬಿಸಿ ಮಾಡ್ಕೋಬೇಕು. ಒಂದೇ ಸಲಕ್ಕೆ ಮೇಲೆ ಬಿದ್ರೋ, ಮನೆಯೆಲ್ಲ ಅದುರೋ ಹಾಗೆ ಗುದ್ದಿಬಿಡ್ತಾಳೆ." ಅತ್ತೆಯ ಮನೆಯನ್ನು ಮೂರು ತಿಂಗಳಿಗೇ ಬಿಟ್ಟು ಬಂದಿದ್ದ ಅವಳ ಬಾಯಲ್ಲಿ ಆ ಮಾತು ಕೇಳಿ ನಾನು ನಕ್ಕಿದ್ದೆ. ಆ ಮಾತಿನ ಬೆಲೆ ಮುಂದೆ ತಿಳಿಯಿತು.

ಮಾರನೆಯ ದಿನ ಊರು ಊರಾಗಿರಲಿಲ್ಲ. ಅಂಗಡಿಗಳು ಮುಚ್ಚಿದ್ದವು. ಪೊಲೀಸ್ ಠಾಣೆಯ ಕಿಟಕಿಗಳಿಗೆ ಕಲ್ಲು ಬಿದ್ದಿದ್ದವು. ಗುಂಡು ಹಾರಿಸಿದ ಪೇದೆಯ ಮನೆಯ ಮುಂದೆ ಜನ ಸೇರಿ ಅವನ ಹೆಂಡತಿಯನ್ನು ಹೊರಗೆ ಕರೆಯುತ್ತಿದ್ದರಂತೆ. ದರ್ಜಿ ಹಲ್ಲು ಕಡಿಯುತ್ತ ಹೇಳಿದ: "ಮೊದಲು ಕೊಂದ್ರು, ಆಮೇಲೆ ಹೆಸರು ಕೆಡಿಸಿದ್ರು. ಅಕ್ಕ ಆ ಬಂದೂಕಿನವನ ಜೊತೆಗಾತಿ ಅಂತೆ! ಠಾಣೆ ಸುಡದೆ ಬಿಡಲ್ಲ ಮೇಷ್ಟ್ರೇ."

"ಸುಟ್ಟರೆ ಅವಳ ಹೆಸರು ಬೆಳ್ಳಗಾಗುತ್ತಾ?" ಎಂದು ಮೇಟ್ರನಮ್ಮ ಕೇಳಿದರು. "ಮಸಿ ಹಚ್ಚಿ ಯಾವ ಬಟ್ಟೆ ಬೆಳ್ಳಗಾಗಿದೆ, ಹೇಳು. ಸ್ವಲ್ಪ ತಡಿ."

ನನಗೆ ಬೇಕಾಗಿದ್ದುದೂ ಅದೊಂದೇ. ಹೋದವಳು ಮರಳಿ ಬರುವುದಿಲ್ಲ. ಆದರೆ ದೇವರ ಮುಂದೆ ಕೈಮುಗಿದು ಅವಳ ಹೆಸರೆತ್ತುವಾಗ, ಊರಿನ ಬಾಯಲ್ಲಿ ಆ ಹೆಸರು ಕೊಳೆಯಾಗಿರಬಾರದು.

ದೇಹಕ್ಕೆ ಸ್ನಾನ ಮಾಡಿಸಲು ಮೇಟ್ರನಮ್ಮನೇ ಹೋದರು. ಮರಳಿ ಬಂದಾಗ ಅವರ ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಬಲಗೈಯ ಅಂಗೈ ತುಂಬ ಬಂದೂಕಿನ ಎಣ್ಣೆ, ಮೇಷ್ಟ್ರೇ. ಎರಡು ಗೀರು, ಒಂದರ ಪಕ್ಕ ಒಂದು. ಗುಂಡು ಹಾರಿಸೋಕೆ ಕುದುರೆ ಎಳೆಯೋ ಬೆರಳು ಮಾತ್ರ ಶುದ್ಧವಾಗಿದೆ. ನೀವು ಯಾರಿಗಾದ್ರೂ ಚಾಕು ಕೊಡೋವಾಗ ಹೇಗೆ ಹಿಡೀತೀರಿ?"

"ಅಲುಗು ನನ್ನ ಕಡೆ, ಹಿಡಿ ಅವರ ಕಡೆ."

"ಹಾಗೇ. ಅವಳು ಬಂದೂಕಿನ ಜೋಡಿ ನಳಿಗೆ ಹಿಡಿದಿದ್ಳು. ಹಾರಿಸೋರು ಹಾಗೆ ಹಿಡಿಯಲ್ಲ, ಕೊಡೋರು ಹಿಡೀತಾರೆ."

ಅಂತ್ಯಕ್ರಿಯೆ ಮುಗಿದ ದಿನ ಲಾಂಡ್ರಿಯ ಮ್ಯಾನೇಜರು ಹಣ್ಣಿನ ಬುಟ್ಟಿ ಹಿಡಿಸಿಕೊಂಡು ಸಂತಾಪ ಹೇಳಲು ಬಂದರು. ಬಲಗೈಗೆ ಪಟ್ಟಿ ಕಟ್ಟಿತ್ತು. "ಒಳ್ಳೇ ಕೆಲಸಗಾರ್ತಿ ಮೇಷ್ಟ್ರೇ. ಯಾವ ಗಳಿಗೇಲಿ ಆ ಪಾಪಿ ಮಾತಿಗೆ ಮರುಳಾದ್ರೋ! ನಾನಂತೂ ಯಾರ ಮುಂದೂ ಅವರ ಬಗ್ಗೆ ಕೆಟ್ಟ ಮಾತಾಡಲ್ಲ" ಎಂದರು. ಆಡಿದ್ದೇ ಕೆಟ್ಟ ಮಾತು ಎಂಬುದು ಅವರಿಗೆ ತಿಳಿದಂತಿರಲಿಲ್ಲ.

"ಕೈಗೆ ಏನಾಯ್ತು?" ಎಂದರು ಮೇಟ್ರನಮ್ಮ, ಚಹಾದ ಲೋಟ ಮುಂದಿಡುತ್ತ.

"ಗಾಜು ಕೊಯ್ತು. ಗಲಾಟೆ ಮುಗಿದ ತಕ್ಷಣ ಇಸ್ತ್ರಿ ಕೋಣೆಗೆ ನುಗ್ಗಿದೆ, ಹೆಂಗಸರನ್ನ ಈಚೆ ಕರೆತರೋಕೆ. ಕಿಟಕಿ ಗಾಜು ಒಡೆದು ಬಿದ್ದಿತ್ತು."

ಅವರು ಎಡಗೈಯಲ್ಲಿ ಲೋಟ ಎತ್ತಿದರು. ಬಲಗೈ ಮೊಣಕಾಲ ಮೇಲೆ ಬಿಚ್ಚಿಕೊಂಡು, ಬೆರಳುಗಳು ಒಂದಕ್ಕೊಂದು ತಾಗದಂತೆ, ಭಿಕ್ಷೆ ಬೇಡುವವನ ಕೈಯಂತೆ ಮಲಗಿತ್ತು. ಮೇಟ್ರನಮ್ಮ ಅದನ್ನೇ ನೋಡುತ್ತಿದ್ದರು. ಮ್ಯಾನೇಜರು ಹೋದ ಮೇಲೆ ಹಣ್ಣಿನ ಬುಟ್ಟಿಯನ್ನು ಮುಟ್ಟದೆ ಕೆಳಗಿನವರಿಗೆ ಕಳಿಸಿಬಿಟ್ಟರು.

ಅದೇ ದಿನ ಪೊಲೀಸ್ ಸಾಹೇಬರು ಸಮವಸ್ತ್ರವಿಲ್ಲದೆ, ಹಿಂಬಾಗಿಲಿನಿಂದ ಬಂದರು. ಲಾಂಡ್ರಿಯ ಗೇಟಿನಲ್ಲಿ ನಿಂತು ಎಲ್ಲವನ್ನೂ ನಡೆಸಿದವರು ಅವರೇ. ನನ್ನ ಮುಖವನ್ನು ನೋಡಲಾರದೆ ಗೋಡೆಯನ್ನು ನೋಡಿದರು. "ಅಮ್ಮಾ, ಊರು ಹೊತ್ಕೊಳ್ಳೋ ಹಾಗಿದೆ. ನಿಮ್ಮ ಮಾತು ಜನ ಕೇಳ್ತಾರೆ. ನೀವು ಒಂದು ಸಲ ಬಂದು..."

"ನೀನು ಹುಟ್ಟಿದಾಗ ಬೆನ್ನು ತಟ್ಟಿ ಅಳಿಸಿದ್ದು ಈ ಕೈ" ಎಂದರು ಮೇಟ್ರನಮ್ಮ. "ಈಗಲೂ ತಟ್ಟಬಲ್ಲೆ. ನಿನ್ನ ಸುಳ್ಳಿಗೆ ಸುಣ್ಣ ಬಳಿಯೋಕೆ ನಾನು ಬರಲ್ಲ. ಆ ಕೋಣೆ ನೋಡೋಕೆ ಬಿಡು. ಕಂಡದ್ದು ಹೇಳ್ತೀನಿ, ಅದು ನಿನಗೆ ಸಿಹಿಯಾಗಲಿ ಕಹಿಯಾಗಲಿ."

ಸಾಹೇಬರು ತಲೆ ತಗ್ಗಿಸಿ ಒಪ್ಪಿದರು.

ಕೋಣೆ ನೋಡುವ ಮೊದಲು ನಾವು ಗಿಣಿಯ ಮನೆಗೆ ಹೋದೆವು. ಗಿಣಿ ಎಂದರೆ ನನ್ನ ತಂಗಿಯ ಕೈಕೆಳಗೆ ಬಟ್ಟೆ ಮಡಿಚುತ್ತಿದ್ದವಳು. ಮಾತು ನಿಲ್ಲಿಸಲಾರಳೆಂದು ಆ ಅಡ್ಡಹೆಸರು. ಅಂದು ಒತ್ತೆಯಲ್ಲಿದ್ದವರಲ್ಲಿ ಅವಳೂ ಒಬ್ಬಳು. ಈಗ ಮಾತ್ರ ಒಂದೊಂದು ಮಾತಿಗೂ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅವನು ಬಂದಾಗ ರೋಲರ್ ಓಡ್ತಾ ಇತ್ತು ಅಮ್ಮ. ಯಾರು ಅಂತೀರಿ? ನಮ್ಮ ಹಳೇ ಬಾಯ್ಲರ್‌ನವನೇ. ಹೋದ ವರ್ಷ ಬಾಯ್ಲರ್ ಮನೇಲಿ ಹಬೆ ಸಿಡಿದು ಅವನ ತಮ್ಮ ಬೆಂದು ಸತ್ತನಲ್ಲ, ಅದು ಇವನದೇ ತಪ್ಪು ಅಂತ ಕೆಲಸದಿಂದ ಓಡಿಸಿದ್ರಲ್ಲ, ಅವನು. ಬಂದೂಕು ನೋಡಿ ಹೊಸ ಬಾಯ್ಲರ್‌ನವನು ಹಬೆ ನಿಲ್ಲಿಸಿ ಓಡಿದ. ನಾವು ಹೆಂಗಸರು ಒಳಗೇ ಉಳ್ಕೊಂಡ್ವಿ. ಅವನು ನಮ್ಮನ್ನ ಮುಟ್ಟಲಿಲ್ಲ. ಒಂದೇ ಮಾತು ಅವನದು. ಮ್ಯಾನೇಜರ್ ಬಂದು ಎಲ್ಲರ ಮುಂದೆ ನಿಜ ಹೇಳಲಿ ಅಂತ."

"ಯಾವ ನಿಜ?"

"ಬಾಯ್ಲರ್ ಮೇಲೆ ಹಬೆ ಜಾಸ್ತಿಯಾದ್ರೆ ತಾನಾಗೇ ತೆರೆಯೋ ವಾಲ್ವ್ ಇರುತ್ತಲ್ಲ, ಅದು ಯಾಕೆ ಅವತ್ತು ತೆರೀಲಿಲ್ಲ ಅಂತ. ಆಗ ಅಕ್ಕ ಹೇಳಿದ್ರು, 'ನಾನು ಒಂದು ಕಂಡಿದ್ದೆ ಕಣೋ. ಅಪಘಾತ ಆದ ಮೇಲೆ ಮ್ಯಾನೇಜರ್ರು ಬಾಯ್ಲರ್ ಮೇಲಿಂದ ತಂತಿ ಬಿಚ್ತಾ ಇದ್ರು. ಅದು ಏನು ಅಂತ ಆಗ ಗೊತ್ತಾಗಲಿಲ್ಲ' ಅಂತ. ಅವನು ಕೂಸಿನ ಹಾಗೆ ಅತ್ತುಬಿಟ್ಟ ಅಮ್ಮ. ಅಕ್ಕ ಅವನ ತಲೆ ಸವರಿ, 'ಬಂದೂಕು ನನ್ನ ಕೈಗೆ ಕೊಡು. ಕೋರ್ಟಲ್ಲಿ ನಾನೇ ಹೇಳ್ತೀನಿ' ಅಂದ್ರು. ಕೊಟ್ಟ. ಅಕ್ಕ ಕಿಟಕಿ ಹತ್ರ ಹೋಗಿ ಜೋರಾಗಿ ಕೂಗಿದ್ರು: 'ಗುಂಡು ಹಾರಿಸಬೇಡಿ. ಬಂದೂಕು ನಾನೇ ಹೊರಗೆ ತರ್ತೀನಿ. ಬಾಯ್ಲರ್ ತಂತಿ ವಿಷಯಾನೂ ನಾನೇ ಹೇಳ್ತೀನಿ' ಅಂತ. ಗೇಟಿಂದ ಸಾಹೇಬ್ರು ಮೈಕಲ್ಲಿ 'ಸರಿ, ಬನ್ನಿ' ಅಂದ್ರು. ಅಕ್ಕ ನಮ್ಮನ್ನೆಲ್ಲ ಹಿಂದಿನ ತೊಟ್ಟಿಗಳ ಮರೆಗೆ ಕೂರಿಸಿ ಬಂದು, ಬಾಗಿಲು ತೆಗೀತಾ ಇದ್ರು. ಅಷ್ಟರಲ್ಲಿ..."

"ಸದ್ದು ಹೇಗಿತ್ತು? ಕಣ್ಣು ಮುಚ್ಚಿ ನೆನಪು ಮಾಡ್ಕೋ."

"ಢಂ ಅಂತ. ಒಂದಲ್ಲ. ಢಂ, ಢಂ, ಢಂ... ಆಮೇಲೆ ಸಣ್ಣದಾಗ್ತಾ ಹೋಯ್ತು. ಕಾಲ ಕೆಳಗೆ ನೆಲ ಅದುರ್ತು. ಆಮೇಲೆ ಹೊರಗಿಂದ ಒಂದೇ ಒಂದು, ಬೇರೆ ಥರ, ಚಾಟಿ ಹೊಡೆದ ಹಾಗೆ. ಅಕ್ಕ ಕೂತುಬಿಟ್ರು."

ಮೇಟ್ರನಮ್ಮ ಅವಳ ಬೆನ್ನು ಸವರಿ ಎದ್ದರು. ಅಲ್ಲಿಂದ ಸಾಹೇಬರೊಡನೆ ನಾವು ಲಾಂಡ್ರಿಗೆ ಹೋದೆವು.

ಇಸ್ತ್ರಿ ಕೋಣೆ ಉದ್ದವಾದದ್ದು. ನಡುವೆ ಆಳೆತ್ತರದ ರೋಲರು, ಪಕ್ಕದಲ್ಲಿ ಮಡಿಚುವ ಮೇಜುಗಳು, ಹಿಂದೆ ಒದ್ದೆ ಬಟ್ಟೆಯ ತೊಟ್ಟಿಗಳು. ಕಿಟಕಿಗಳಿಗೆಲ್ಲ ಒಳಗಡೆ ಕಬ್ಬಿಣದ ಜಾಲರಿ. ಗಾಜುಗಳ ಮೇಲೆ ಹಬೆಯ ಹಳೆಯ ಕಲೆ ಕಟ್ಟಿತ್ತು. ಹೊಸ್ತಿಲ ಬಳಿ ನೆಲವನ್ನು ತೊಳೆದಿದ್ದರು. ನಾನು ಅಲ್ಲಿ ಕಾಲಿಡಲಾರದೆ ಪಕ್ಕದಿಂದ ದಾಟಿದೆ.

ಮೇಟ್ರನಮ್ಮ ಮೇಜಿನ ಮೇಲಿದ್ದ ಹಾಸುಬಟ್ಟೆಗಳ ಅಟ್ಟಿಯನ್ನು ತೋರಿಸಿದರು. ಬಿಳಿಯ ಬಟ್ಟೆಯ ಮೇಲೆ ಕಂದು ಬಣ್ಣದ ಹನಿಗಳು ಸಿಡಿದಿದ್ದವು.

"ರಕ್ತ" ಎಂದರು ಸಾಹೇಬರು.

"ರಕ್ತ ನೋಡಿ ನೋಡಿ ನನ್ನ ತಲೆ ನರೆತಿದೆ. ಇದು ತುಕ್ಕಿನ ನೀರು." ಅವರು ಬೆರಳನ್ನು ಮೇಲಕ್ಕೆತ್ತಿದರು. ಅಟ್ಟಿಯ ನೇರಕ್ಕೆ, ಗೋಡೆಯನ್ನು ತೂರಿ ಬರುವ ಹಬೆಯ ಕೊಳವೆಯ ಕೀಲೊಂದು ಬಾಯಿ ಬಿಟ್ಟಿತ್ತು. ರೋಲರಿನ ಬುಡದಲ್ಲಿ ಅದೇ ಕೊಳವೆಗೆ ನೀರು ಬಸಿಯುವ ಪುಟ್ಟ ನಲ್ಲಿ. ಅವರು ಅದನ್ನು ಮುಟ್ಟಿ ನೋಡಿದರು. ಬಿಗಿಯಾಗಿ ಮುಚ್ಚಿತ್ತು.

"ಬಂದೂಕಿನಲ್ಲಿ ಎಷ್ಟು ತೋಟಾ ಇದ್ವು?"

"ಎರಡೂ ನಳಿಗೆಯಲ್ಲಿ ಒಂದೊಂದು, ಹಾರಿಸದೇ ಇರೋವು. ಹಾರಿಸಿ ಮತ್ತೆ ತುಂಬಿರಬೇಕು."

"ಖಾಲಿ ತೋಟಾ ಸಿಕ್ತಾ? ಗೋಡೇಲಿ, ಸೂರಲ್ಲಿ ಚರೆ ತಾಗಿದ ಗುರುತು?"

"ಹುಡುಕ್ತಾ ಇದೀವಿ" ಎಂದರು ಸಾಹೇಬರು ಮೆಲ್ಲಗೆ.

ಬಾಯ್ಲರ್ ಮನೆ ಹಿತ್ತಲಲ್ಲಿತ್ತು, ಅಂದು ಪೊಲೀಸರು ಹಾಕಿದ್ದ ಕಾವಲಿನ ಹಿಂದೆ. ಹಬೆ ಬಿಡುವ ದೊಡ್ಡ ವಾಲ್ವಿನ ಚಕ್ರ ಎದೆಯ ಎತ್ತರದಲ್ಲಿತ್ತು. ಅದರ ಪಕ್ಕದ ಮೊಳೆಗೆ ಒಂದು ಗೋಣಿತಟ್ಟು ನೇತುಹಾಕಿತ್ತು. "ಚಕ್ರ ಕೆಂಡ ಇದ್ದ ಹಾಗೆ ಇರುತ್ತಮ್ಮ, ಅದರ ಕುತ್ತಿಗೇಲಿ ಹಬೆ ಬೇರೆ ಸೋರುತ್ತೆ. ಗೋಣಿ ನೆನೆಸಿ ಸುತ್ಕೊಂಡೇ ತಿರುಗಿಸಬೇಕು. ಇಲ್ಲ ಅಂದ್ರೆ ಚರ್ಮ ಅಲ್ಲೇ" ಎಂದ ಹೊಸ ಬಾಯ್ಲರ್‌ನವನು. ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿತ್ತು: ಮೊದಲು ನೀರು ಬಸಿಯಿರಿ, ಆಮೇಲೆ ಹಬೆ ಬಿಡಿರಿ. ಕೆಳಗೆ, ಮ್ಯಾನೇಜರವರ ಅಪ್ಪಣೆ.

"ಅವತ್ತು ನೀನು ಓಡಿಹೋಗೋವಾಗ ಈ ಚಕ್ರ ಹೇಗಿತ್ತು?"

"ಪೂರ್ತಿ ಮುಚ್ಚಿ ಓಡಿದೆ. ದೇವರಾಣೆ."

"ಮರುದಿನ ಬಂದಾಗ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ತೆರೆದಿತ್ತು. ಪೊಲೀಸರು ತಿರುಗಿಸಿರಬೇಕು ಅಂದ್ಕೊಂಡೆ."

ಮೇಟ್ರನಮ್ಮ ಸಾಹೇಬರ ಕಡೆ ತಿರುಗಿದರು. "ನಾಳೆ ಮಧ್ಯಾಹ್ನ ಎಲ್ಲರನ್ನೂ ಇಸ್ತ್ರಿ ಕೋಣೆಗೆ ಕರೆಸು. ಮ್ಯಾನೇಜರ್, ಗಿಣಿ, ಬಂದೂಕಿನವನು, ಗುಂಡು ಹಾರಿಸಿದ ಪೇದೆ. ಜನರ ಪರವಾಗಿ ನಮ್ಮ ದರ್ಜಿಯೂ ಬರಲಿ."

"ಅವನು ಕಲ್ಲು ಹೊಡೆದವನು ಅಮ್ಮ!"

"ಅದಕ್ಕೇ ಬರಲಿ. ಕಲ್ಲು ಹೊಡೆದವನ ಕಿವಿಗೇ ಮೊದಲು ನಿಜ ಬೀಳಬೇಕು."

ಮಾರನೆಯ ಮಧ್ಯಾಹ್ನ ಗೇಟಿನಾಚೆ ಜನ ಕಿಕ್ಕಿರಿದಿದ್ದರು. ಒಳಗೆ ನಾವು ಮಡಿಚುವ ಮೇಜಿನ ಸುತ್ತ ಕುಳಿತೆವು. ಬಂದೂಕಿನವನನ್ನು ಬೇಡಿ ಹಾಕಿ ತಂದಿದ್ದರು. ಅವನು ನನ್ನನ್ನು ಕಂಡು ಮುಖ ಮುಚ್ಚಿಕೊಂಡ. ಪೇದೆ ಇನ್ನೂ ಎಳೆಯ ಮುಖದವನು. ನಾಲ್ಕು ದಿನಗಳಿಂದ ನಿದ್ದೆ ಮಾಡಿರಲಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಮ್ಯಾನೇಜರು ಗಡಿಯಾರ ನೋಡಿಕೊಂಡು, "ಬೇಗ ಮುಗಿಸಿ, ಕೆಲಸ ನಿಂತುಹೋಗಿದೆ" ಎಂದರು. ಹೊಸ ಬಾಯ್ಲರ್‌ನವನು ಮಾತ್ರ ಅಲ್ಲಿರಲಿಲ್ಲ.

ಮೇಟ್ರನಮ್ಮ ಪೇದೆಯನ್ನು ಕೇಳಿದರು: "ನೀನು ಅವತ್ತು ಎಲ್ಲಿದ್ದೆ ಮಗು?"

"ಎದುರು ಕಟ್ಟಡದ ಚಾವಣಿ ಮೇಲೆ."

"ಅವಳು ಕಿಟಕಿಯಿಂದ ಕೂಗಿದ್ದು ಕೇಳಿಸ್ತಾ?"

"ಇಲ್ಲ ಅಮ್ಮ. ಜನರ ಗದ್ದಲ. ನನಗೆ ಇದ್ದ ಅಪ್ಪಣೆ ಒಂದೇ. ಒಳಗಿಂದ ಗುಂಡಿನ ಸದ್ದು ಬಂದು, ಬಾಗಿಲಲ್ಲಿ ಬಂದೂಕು ಕಂಡರೆ, ಮತ್ತೆ ಕೇಳಬೇಡ, ಹೊಡಿ ಅಂತ. ಸದ್ದು ಬಂತು. ಬಂದೂಕು ಕಾಣಿಸ್ತು." ಅವನು ಹೊಸ್ತಿಲ ಕಡೆ ನೋಡಿದ. "ಹೆಂಗಸು ಅಂತ ಆಮೇಲೆ ಕಂಡೆ."

"ಅಂದ್ರೆ ಕೇಳಿಸಿದವರ ಕೈಯಲ್ಲಿ ಬಂದೂಕಿರಲಿಲ್ಲ, ಬಂದೂಕಿದ್ದವನಿಗೆ ಕೇಳಿಸಲಿಲ್ಲ" ಎಂದು ಅವರು ಸಾಹೇಬರ ಮೇಲೆ ಕಣ್ಣು ನಿಲ್ಲಿಸಿದರು. "ಅವಳಿಗೆ 'ಸರಿ, ಬನ್ನಿ' ಅಂದವನು ನೀನು. ಚಾವಣಿ ಮೇಲಿನವನಿಗೆ ಯಾಕೆ ಹೇಳಲಿಲ್ಲ?"

ಸಾಹೇಬರು ಉತ್ತರ ಕೊಡುವ ಮೊದಲೇ ಕೋಣೆ ಗುಡುಗಿತು.

ಢಂ! ಎದ್ದು ನಿಂತೆವು. ಢಂ! ಢಂ! ಮೇಜು ಕಾಲ ಮೇಲೆ ಕುಣಿಯಿತು. ಗಿಣಿ ಕಿವಿ ಮುಚ್ಚಿಕೊಂಡು ಕಿರುಚಿದಳು. ಬಾಗಿಲಲ್ಲಿದ್ದ ಪೊಲೀಸರು ಬಂದೂಕು ಎತ್ತಿ ಗೋಡೆಗೆ ಒರಗಿಕೊಂಡರು. ಪೇದೆ ನೆಲಕ್ಕೆ ಬಿದ್ದು ತೋಳಿನಲ್ಲಿ ತಲೆ ಹುದುಗಿಸಿಕೊಂಡಿದ್ದ. ಸದ್ದು ಸಣ್ಣಗಾಗುತ್ತ ಹೋಗಿ ನಿಂತಿತು. ಮೇಲಿನ ಕೀಲಿನಿಂದ ತುಕ್ಕಿನ ನೀರು ಮೇಜಿನ ಮೇಲೆ ಟಪಟಪನೆ ಹನಿಯಿತು.

ಕುರ್ಚಿಯಿಂದ ಅಲುಗಾಡದೆ ಇದ್ದವರು ಇಬ್ಬರೇ. ಒಬ್ಬರು ಮೇಟ್ರನಮ್ಮ. ಇನ್ನೊಬ್ಬರು ಮ್ಯಾನೇಜರು.

"ಇದೇ! ಇದೇ ಸದ್ದು!" ಎಂದಳು ಗಿಣಿ.

"ಹೌದು, ಇದೇ" ಎಂದ ಪೇದೆ, ನೆಲದಿಂದ ತಲೆಯೆತ್ತಿ.

"ಯಾರೂ ಹೆದರಬೇಡಿ. ಅದು ಬಂದೂಕಲ್ಲ, ಕೊಳವೆ. ನಾನು ಹೇಳಿ ಮಾಡಿಸಿದ್ದು" ಎಂದರು ಮೇಟ್ರನಮ್ಮ. "ಆಸ್ಪತ್ರೇಲಿ ಉಪಕರಣ ಬೇಯಿಸೋ ಕೋಣೆಗೂ ಹೀಗೇ ಹಬೆಯ ಕೊಳವೆ ಇತ್ತು. ಹಬೆ ನಿಲ್ಲಿಸಿದ್ರೆ ಕೊಳವೆಯೊಳಗೆ ಇದ್ದದ್ದು ತಣಿದು ನೀರಾಗಿ ನಿಲ್ಲುತ್ತೆ. ಆ ನೀರು ಬಸಿಯದೆ ಬಿಸಿ ಹಬೆ ಒಂದೇ ಸಲ ಬಿಟ್ರೆ, ನೀರು ಸುತ್ತಿಗೆ ಏಟಿನ ಹಾಗೆ ಕಬ್ಬಿಣಕ್ಕೆ ಬಡಿಯುತ್ತೆ. ಮೇಷ್ಟ್ರ ತಂಗಿ ಇದನ್ನೇ ಅತ್ತೆ ಗುದ್ದು ಅಂತಿದ್ಳಂತೆ. ಇಲ್ಲಿ ದಿನಾ ಕೆಲಸ ಮುಗಿದ ಮೇಲೆ ಬಸಿಯೋ ನಲ್ಲಿ ತೆರೆದಿಟ್ಟೇ ಹೋಗೋದು ವಾಡಿಕೆ. ಅವತ್ತು ಬಂದೂಕು ನೋಡಿ ಕೆಲಸ ನಡುವೆಯೇ ನಿಂತುಹೋಯ್ತು, ನಲ್ಲಿ ಮುಚ್ಚೇ ಉಳೀತು. ಮಧ್ಯಾಹ್ನದ ಹೊತ್ತಿಗೆ ಕೊಳವೆ ತುಂಬ ನೀರು. ಆದರೆ ಬಾಯ್ಲರ್ ಅಷ್ಟು ಬೇಗ ಆರಲ್ಲ, ಒಳಗೆ ಹಬೆ ಇನ್ನೂ ಇತ್ತು."

ದರ್ಜಿ ಬಾಯಿ ತೆರೆದ: "ಅಂದ್ರೆ ಒಳಗಿಂದ ಗುಂಡೇ ಹಾರಲಿಲ್ಲ!"

"ಇಲ್ಲ. ಅದಕ್ಕೇ ಬಂದೂಕಿನ ಎರಡು ತೋಟಾನೂ ಹಾಗೇ ಇದ್ವು. ಅದಕ್ಕೇ ಖಾಲಿ ತೋಟಾ ಸಿಗಲಿಲ್ಲ, ಚರೆಯ ಗುರುತೂ ಇಲ್ಲ. ಅದಕ್ಕೇ ಬೆಳಗ್ಗೆ ಇಸ್ತ್ರಿಯಾಗಿದ್ದ ಬಿಳಿ ಬಟ್ಟೆ ಮೇಲೆ ತುಕ್ಕಿನ ನೀರು ಸಿಡಿದಿತ್ತು. ಈಗ ಕೇಳಿ. ಬೆಳಗ್ಗೆ ಮುಚ್ಚಿದ ಚಕ್ರ ತಾನಾಗಿ ತಿರುಗಲ್ಲ. ಒಳಗೆ ಇದ್ದೋರು ಅದನ್ನ ಮುಟ್ಟೋಕಾಗಲ್ಲ, ಅದು ಹಿತ್ತಲಲ್ಲಿದೆ, ಪೊಲೀಸರ ಕಾವಲಿನ ಹಿಂದೆ. ಆದ್ದರಿಂದ ತಿರುಗಿಸಿದವನು ಪೊಲೀಸರ ಕಡೆಯಿಂದ ಹೋದವನು." ಅವರು ಸಾಹೇಬರ ಕಡೆ ತಿರುಗಿದರು. "ಈಗ ನನ್ನ ಪ್ರಶ್ನೆಗೆ ಉತ್ತರ ಕೊಡು ಮಗನೇ. ಅವಳು ಕೂಗಿದ ತಕ್ಷಣ ನಿನ್ನ ಕಿವೀಲಿ ಮಾತಾಡಿದವರು ಯಾರು?"

ಸಾಹೇಬರ ಮುಖ ಬಿಳಿಚಿಕೊಂಡಿತು. ಮ್ಯಾನೇಜರ ಕಡೆ ನೋಡಿ ಹೇಳಿದರು: "ಮ್ಯಾನೇಜರ್ರು. ಬೆಳಗ್ಗೆಯಿಂದ ನನ್ನ ಪಕ್ಕದಲ್ಲೇ ಇದ್ರು, ಕಟ್ಟಡದ ದಾರಿ ಹೇಳೋಕೆ. ನಾನು ಚಾವಣಿಗೆ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ, 'ಬಾಯ್ಲರ್ ಸಿಡಿಯುತ್ತೆ, ಹಬೆ ಇಳಿಸದಿದ್ರೆ ಎಲ್ಲರೂ ಸಾಯ್ತೀವಿ, ನನ್ನ ಬಿಡಿ' ಅಂದ್ರು. ಬಿಟ್ಟೆ. ಕಾವಲಿನವರನ್ನ ಹಿಂದಕ್ಕೆ ಸರಿಸೋಕೆ ಹೋದೆ. ಆ ಗಡಿಬಿಡೀಲಿ ಚಾವಣಿ ಮರೆತೇ ಹೋಯ್ತು."

"ಇದನ್ನ ಈವರೆಗೆ ಯಾಕೆ ಹೇಳಲಿಲ್ಲ?"

"ಕಾವಲಿನ ಒಳಗೆ ಹೊರಗಿನವರನ್ನ ಬಿಟ್ಟಿದ್ದು ನನ್ನ ತಪ್ಪು ಅಂತ..."

"ಆ ತಪ್ಪು ಮುಚ್ಚೋಕೆ ಒಬ್ಬ ಸತ್ತ ಹೆಂಗಸಿನ ಮೇಲೆ ಅಪವಾದ ಹೊರಿಸಿದೆ." ಮೇಟ್ರನಮ್ಮ ದನಿ ಏರಿಸಲಿಲ್ಲ. ಏರಿಸಿದ್ದರೆ ಸಾಹೇಬರಿಗೆ ಸುಲಭವಾಗುತ್ತಿತ್ತು.

ಮ್ಯಾನೇಜರು ಎದ್ದರು. "ನಾನು ಹೋಗಿದ್ದು ನಿಜ. ಆದರೆ ಬಾಯ್ಲರ್ ಮನೆ ತಲುಪಲೇ ಇಲ್ಲ. ಅರ್ಧ ದಾರೀಲೇ ಸದ್ದು ಕೇಳಿಸ್ತು, ಹೆಂಗಸರನ್ನ ಬಿಡಿಸೋಕೆ ಈ ಕಡೆ ಓಡಿಬಂದೆ. ಗಾಜು ಕೊಯ್ದ ಕೈಯೇ ಸಾಕ್ಷಿ."

"ಮೇಷ್ಟ್ರೇ, ಈ ಕೋಣೇಲಿ ಒಡೆದ ಗಾಜು ಎಲ್ಲಿದೆ ತೋರಿಸಿ."

ನಾನು ಒಂದೊಂದೇ ಕಿಟಕಿಯನ್ನು ನೋಡಿದೆ. ಜಾಲರಿಯ ಹಿಂದೆ ಎಲ್ಲ ಗಾಜುಗಳೂ ಹಳೆಯ ಹಬೆಯ ಕಲೆ ಹೊತ್ತುಕೊಂಡು ಇಡಿಯಾಗಿದ್ದವು. "ಒಂದೂ ಒಡೆದಿಲ್ಲ" ಎಂದೆ.

"ಕೈ ಕೊಯ್ದುಕೊಂಡವನು ಗಾಯ ಬಾಯಿ ಬಿಡದ ಹಾಗೆ ಬೆರಳು ಮಡಿಚಿಟ್ಕೋತಾನೆ. ಸುಟ್ಟುಕೊಂಡವನು ಚರ್ಮಕ್ಕೆ ಚರ್ಮ ತಾಗದ ಹಾಗೆ ಬಿಚ್ಚಿಟ್ಕೋತಾನೆ. ಇದು ದಾದಿಯಾದ ಮೊದಲ ವರ್ಷದಲ್ಲೇ ಕಲಿಯೋ ಪಾಠ. ಆವತ್ತು ನಮ್ಮನೇಲಿ ನಿಮ್ಮ ಕೈ ಮೊಣಕಾಲ ಮೇಲೆ ಹೇಗೆ ಮಲಗಿತ್ತು ಗೊತ್ತಾ? ಈಗಲೂ ಹಾಗೇ ಇದೆ, ನೋಡ್ಕೊಳ್ಳಿ."

ಎಲ್ಲರೂ ನೋಡಿದೆವು. ಮ್ಯಾನೇಜರು ಕೈಯನ್ನು ಜೇಬಿಗೆ ಹಾಕಿಕೊಳ್ಳಲು ಹೋದರು. ನೋವಿಗೆ ಮುಖ ಕಿವುಚಿ ಹಾಗೇ ನಿಂತರು.

"ಬಾಯ್ಲರ್‌ನವರು ಯಾರೂ ಆ ಚಕ್ರಾನ ಒದ್ದೆ ಗೋಣಿ ಇಲ್ಲದೆ ಮುಟ್ಟಲ್ಲ. ನೀವು ಇಷ್ಟು ವರ್ಷ ಗೋಡೆ ಮೇಲೆ ಅಪ್ಪಣೆ ಬರೆಸಿದ್ರಿ, ಚಕ್ರ ಒಂದು ಸಲಾನೂ ತಿರುಗಿಸಿರಲಿಲ್ಲ. ಪಕ್ಕದಲ್ಲೇ ತೂಗ್ತಿದ್ದ ಗೋಣಿ ಯಾಕಿದೆ ಅಂತ ನಿಮಗೆ ಗೊತ್ತಿರಲಿಲ್ಲ. ನೀರು ಬಸಿಯದೆ ಹಬೆ ಬಿಟ್ರೆ ಏನಾಗುತ್ತೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತಿತ್ತು, ಅಪ್ಪಣೆ ನಿಮ್ಮದೇ. ಸದ್ದು ಕೇಳಿ ಬಂದೂಕು ಕಂಡರೆ ಹೊಡಿ ಅನ್ನೋ ಮಾತು ಸಾಹೇಬರು ಹೇಳೋವಾಗ ಪಕ್ಕದಲ್ಲೇ ಇದ್ರಿ. ಬಂದೂಕು ಹಿಡಿದು ಬಾಗಿಲಿಗೆ ಬರೋದು ಯಾರು ಅಂತಾನೂ ಅವಳ ಬಾಯಿಂದಲೇ ಕೇಳಿದ್ರಿ. ತಂತಿ ವಿಷಯಾನೂ ಕೇಳಿದ್ರಿ. ಅವಳು ಬದುಕಿದ್ರೆ, ಹಬೆ ಜಾಸ್ತಿಯಾದ್ರೆ ತೆರೆಯೋ ವಾಲ್ವ್ ತೆರೆಯದ ಹಾಗೆ ತಂತಿ ಬಿಗಿಸಿ ಒಂದು ಜೀವ ಬೇಯಿಸಿದ್ದು ನೀವು ಅಂತ ಹೊರಗೆ ಬರ್ತಿತ್ತು. ಪಟ್ಟಿ ಬಿಚ್ಚಿ."

"ಸದ್ದು ಮಾಡಿದ್ರೆ ಗುಂಡು ಆ ಬಂದೂಕಿನವನಿಗೆ ಬೀಳುತ್ತೆ ಅಂದ್ಕೊಂಡೆ" ಎಂದರು ಮ್ಯಾನೇಜರು. ದನಿ ಯಾರದೋ ಎಂಬಂತಿತ್ತು. "ಹೆಚ್ಚು ಹಬೆ ಇಲ್ಲದಿದ್ರೆ ಕೆಲಸ ಸಾಗ್ತಿರಲಿಲ್ಲ, ಅದಕ್ಕೆ ತಂತಿ..."

"ಬಂದೂಕು ನಾನೇ ತರ್ತೀನಿ ಅಂದವಳು ಅವಳು" ಎಂದರು ಮೇಟ್ರನಮ್ಮ. "ಸುಳ್ಳು ಸಾಕು."

ವೈದ್ಯರು ಬಂದು ಪಟ್ಟಿ ಬಿಚ್ಚಿದಾಗ ಅಂಗೈಗೆ ಅಡ್ಡಲಾಗಿ ಚಕ್ರದ ಅಂಚಿನ ಬಾಗು ಬೊಬ್ಬೆಯೆದ್ದು ಕಾಣುತ್ತಿತ್ತು. ಬಂದೂಕಿನವನು ಅದನ್ನು ನೋಡಿದ. ಬೇಡಿ ತೊಟ್ಟ ಕೈಗಳನ್ನು ಮುಖಕ್ಕೆ ಒತ್ತಿಕೊಂಡು, "ತಮ್ಮಾ, ನಾನಲ್ಲ ಕಣೋ, ನಾನಲ್ಲ" ಎಂದು ಸತ್ತವನೊಡನೆ ಮಾತಾಡತೊಡಗಿದ. ಅವನನ್ನು ಯಾರೂ ತಡೆಯಲಿಲ್ಲ.

"ಇನ್ನು ಗೇಟಿಗೆ ನಡಿ" ಎಂದು ಮೇಟ್ರನಮ್ಮ ಸಾಹೇಬರಿಗೆ ಹೇಳಿದರು. "ಅದೇ ಮೈಕು ತಗೋ. ಮ್ಯಾನೇಜರ ಪಾಪ ಒಂದೇ ಹೇಳಬೇಡ, ನಿನ್ನದನ್ನೂ ಹೇಳು."

ಸಾಹೇಬರು ಹೇಳಿದರು. ತಡವರಿಸುತ್ತ ಹೇಳಿದರು, ಆದರೆ ಏನನ್ನೂ ಬಿಡಲಿಲ್ಲ. ಆ ಹೆಂಗಸು ನಿರಪರಾಧಿ, ಬಂದೂಕನ್ನು ಇಸಿದುಕೊಂಡು ಎಲ್ಲರ ಜೀವ ಉಳಿಸಲು ಬಂದವಳು. ಅವಳು ಬರುವುದು ತಮಗೆ ಗೊತ್ತಿತ್ತು. ತಿಳಿಸಬೇಕಾದವನಿಗೆ ತಾವು ತಿಳಿಸಲಿಲ್ಲ. ಆಮೇಲೆ ರೇಡಿಯೋದಲ್ಲಿ ಓದಿಸಿದ್ದು ಸುಳ್ಳು. ಜನರಿಂದ ಒಂದು ಕೂಗು ಎದ್ದಿತು. ಮುಂದಿನ ಸಾಲಿನವನೊಬ್ಬ ಕಲ್ಲೆತ್ತಿದ. ದರ್ಜಿ ಗೇಟಿನ ಮೇಲೆ ಹತ್ತಿ ನಿಂತು, "ಕೆಳಗೆ ಹಾಕೋ! ಅಕ್ಕನ ಹೆಸರು ಈಗ ತಾನೇ ತೊಳೆದು ಇಸ್ತ್ರಿಯಾಗಿ ಬಂದಿದೆ. ಮತ್ತೆ ಕೊಳೆ ಮಾಡಬೇಡಿ!" ಎಂದು ಅರಚಿದ. 'ಇವರನ್ನು ಕೋರ್ಟಿಗೆಳೆಯಿರಿ' ಎಂಬ ಕೂಗು ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಆ ಕೋಪ ನ್ಯಾಯವಾದದ್ದೇ. ಕಲ್ಲು ಮಾತ್ರ ಕೆಳಗೆ ಬಿತ್ತು.

ನಾನು ಹೊರಡುವಾಗ ಹೊಸ್ತಿಲ ಬಳಿ ಆ ಎಳೆಯ ಪೇದೆ ನನ್ನ ಕಾಲು ಹಿಡಿದುಕೊಂಡ. "ಏನಾದ್ರೂ ಹೇಳಿ ಮೇಷ್ಟ್ರೇ. ಬೈದಾದ್ರೂ ಬಿಡಿ." ಕ್ಷಮಿಸಿದೆ ಎಂದರೆ ಸುಳ್ಳಾಗುತ್ತಿತ್ತು. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಅವನು ಎದ್ದು ಹೋಗುವ ತನಕ ಹಾಗೇ ನಿಂತಿದ್ದೆ. ಮೇಟ್ರನಮ್ಮ ಕೈಚೀಲ ತಾವೇ ಹಿಡಿದುಕೊಂಡು ಕಾದರು.

ಆ ಸಂಜೆ ರೇಡಿಯೋದಲ್ಲಿ ಅವಳ ಸುದ್ದಿಯನ್ನು ತಿದ್ದಿ ಓದಿದರು. ನಾನು ಅದನ್ನು ಕೊನೆಯವರೆಗೂ ಕೇಳಿ, ಎದ್ದು ಒಲೆಯ ಮೇಲೆ ಎಂದಿನಂತೆ ನೀರಿಟ್ಟೆ. ಕಾದ ಮೇಲೆ ಇಳಿಸಿದೆ. ಆಮೇಲೆ ದೇವರ ಮುಂದೆ ಕುಳಿತೆ.

ತಂದೆಯೇ, ಊರು ಅವಳ ಹೆಸರನ್ನು ಅವಳಿಗೆ ಮರಳಿ ಕೊಟ್ಟಿದೆ. ಮಿಕ್ಕದ್ದು ನಿನ್ನ ಕೈಯಲ್ಲಿದೆ. ಜೀವಮಾನವೆಲ್ಲ ಕಾಯಿಲೆಯವರಿಗಾಗಿ ಬೆಚ್ಚನೆಯ ಶುಭ್ರ ಹಾಸಿಗೆ ಅಣಿ ಮಾಡಿದವಳು ಅವಳು, ದಣಿದು ಬಂದಿದ್ದಾಳೆ. ಅವಳಿಗೂ ಒಂದು ಹಾಸಿಗೆ ಹಾಸಿಕೊಡು. ಯಾವ ಸದ್ದೂ ಅವಳನ್ನು ಇನ್ನು ಬೆಚ್ಚಿಬೀಳಿಸದಿರಲಿ. ಆ ಕೈಗಳಿಗೆ ವಿಶ್ರಾಂತಿ ಸಿಗಲಿ. ಅವಳ ಆತ್ಮಕ್ಕೆ ಶಾಂತಿ ಕೊಡು.